ಕಡೆಯ ಮೊಳೆ ಹೊಡೆದ ಮಾಸ್ತಮ್ಮ

ಮೂರು ಕಡೆ ಕಡಲು, ಒಂದು ಕಡೆ ಗುಡ್ಡ ಇದ್ದ ಒಂದು ಊರು. ಊರಿನ ಹೆಸರೇನು ಎಂದು ಅಲ್ಲಿಯವರನ್ನು ಕೇಳಿದರೆ ಊರು ಎಂದೇ ಹೇಳುತ್ತಿದ್ದರು. ಅಲ್ಲಿ ಹಡಗು ಕಟ್ಟುತ್ತಿದ್ದರು. ಅಪ್ಪಂದಿರು ಕಟ್ಟಿದ್ದರು, ಅಜ್ಜಂದಿರು ಕಟ್ಟಿದ್ದರು, ಅಜ್ಜಂದಿರ ಅಪ್ಪಂದಿರೂ ಕಟ್ಟಿದ್ದರು. ಆ ಊರಿಗೆ ಒಂದು ಕಟ್ಟಳೆ ಇತ್ತು. ಹಡಗಿಗೆ ಕಡೆಯ ಮೊಳೆ ಯಾರು ಹೊಡೆಯುತ್ತಾರೋ ಅವರು ಆ ಹಡಗಿನ ಜೊತೆ ಹೋಗಬೇಕು. ಅದು ಕಡಲಿನಲ್ಲಿ ಕೆಲಸ ಮಾಡುವಷ್ಟು ಕಾಲ ಅದರಲ್ಲೇ ಇರಬೇಕು. ಹಡಗಿನಲ್ಲಿ ಅವರ ಮಾತೇ ಮಾತು.

ಈ ಕಟ್ಟಳೆ ಮಾಡಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಯಾಕೆ ಮಾಡಿದರು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ತಾನೇ ಹೋಗಬೇಕಾಗಬಹುದಾದ ಹಡಗಿಗೆ ಯಾರೂ ಸಡಿಲವಾಗಿ ಮೊಳೆ ಹೊಡೆಯುವುದಿಲ್ಲ.

ಒಳ್ಳೆಯ ಕಾಲದಲ್ಲಿ ಆ ಮೊಳೆಗಾಗಿ ನಾನು ತಾನು ಎಂದು ಜಗಳವೇ ಆಗುತ್ತಿತ್ತು. ಆಮೇಲೆ ಯುದ್ಧ ಬಂತು. ಯಾರ ಮೇಲೆ ಯಾರ ಯುದ್ಧ ಎಂದು ಊರಿನವರಿಗೆ ಸರಿಯಾಗಿ ತಿಳಿಯಲಿಲ್ಲ. ಹೋದ ಹಡಗುಗಳಲ್ಲಿ ಕೆಲವು ಮರಳಿ ಬರಲಿಲ್ಲ ಎಂಬುದು ತಿಳಿಯಿತು. ಅಂದಿನಿಂದ ಊರಿನವರು ಜಾಣರಾದರು. ಹಡಗು ಕಟ್ಟುತ್ತಿದ್ದರು, ಒಂದು ಮೊಳೆ ಬಿಡುತ್ತಿದ್ದರು. ಹೀಗೆ ದಂಡೆಯ ಮೇಲೆ ಮೂರು ಹಡಗುಗಳು ಒಂದೊಂದು ತೂತು ಇಟ್ಟುಕೊಂಡು ನಿಂತವು. ಒಂದರಲ್ಲಿ ಜೇನು ಕಟ್ಟಿತು. ಒಂದರ ಮೇಲೆ ಹೆಂಗಸರು ಮೀನು ಒಣಗಿಸಿದರು. ಇನ್ನೊಂದರಲ್ಲಿ ಶಾಲೆ ನಡೆಯಿತು.

ಕಡಲಿನ ಆಚೆ ಒಂದು ದ್ವೀಪ ಇತ್ತು. ಬೆಳಗಾದರೆ ದ್ವೀಪದ ಒಲೆಗಳ ಹೊಗೆ ಈಚೆ ದಂಡೆಗೆ ಕಾಣುತ್ತಿತ್ತು. ಶತ್ರುವಿನ ಹಡಗುಗಳು ದ್ವೀಪವನ್ನು ಸುತ್ತುಗಟ್ಟಿದ ಮೇಲೆ ಹೊಗೆಗಳು ಕಡಿಮೆಯಾಗುತ್ತಾ ಬಂದವು. ಅದನ್ನು ಮೊದಲು ಗಮನಿಸಿದವಳು ಮಾಸ್ತಮ್ಮ.

ಮಾಸ್ತಮ್ಮ ಹಡಗು ಕಟ್ಟುವವರಿಗೆ ಗಂಜಿ ಬೇಯಿಸುವವಳು. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಗಂಡ ಇಲ್ಲ, ಮಕ್ಕಳಾಗಿರಲಿಲ್ಲ. ಮುನ್ನೂರು ಜನಕ್ಕೆ ಸಾಲುವ ಹಂಡೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು. ಆದರೆ ನೀರಿನ ಮೇಲೆ ಕಾಲಿಡಲು ಅವಳಿಗೆ ಆಗುತ್ತಿರಲಿಲ್ಲ. ಉಯ್ಯಾಲೆ ಕಂಡರೂ ಹೊಟ್ಟೆ ತೊಳಸುತ್ತಿತ್ತು. ಬೆಳಿಗ್ಗೆ ಒಲೆ ಹಚ್ಚಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಚೆ ದಂಡೆಯ ಒಲೆಗಳೂ ಹತ್ತಿದವೇ ಎಂದು ನೋಡುವುದು ಅವಳ ರೂಢಿ. ಆ ಕಡೆಯ ಯಾರನ್ನೂ ಅವಳು ಕಂಡಿರಲಿಲ್ಲ. ಆದರೂ ಅಲ್ಲಿ ಯಾರು ಬೇಗ ಏಳುತ್ತಾರೆ, ಯಾರು ಹಸಿ ಕಟ್ಟಿಗೆ ಉರಿಸುತ್ತಾರೆ, ಯಾರ ಮನೆಯಲ್ಲಿ ನೆಂಟರು ಬಂದಿದ್ದಾರೆ ಎಂದು ಹೊಗೆ ನೋಡಿ ಹೇಳುತ್ತಿದ್ದಳು.

ಒಂದು ದಿನ ಬಂದರಿನ ಅಧಿಕಾರಿ ಕಾಗದ ಹಿಡಿದು ಬಂದ. ನಲವತ್ತು ದಿನದಲ್ಲಿ ಒಂದು ಸಾಮಾನು ಹಡಗು ಕಟ್ಟಬೇಕು, ಕಬ್ಬಿಣದ್ದು, ದೊಡ್ಡ ಹೊಟ್ಟೆಯದ್ದು, ಚೆಂದ ಇಲ್ಲದಿದ್ದರೂ ನಡೆಯುತ್ತದೆ, ದ್ವೀಪಕ್ಕೆ ಅಕ್ಕಿ ಹೋಗಬೇಕು ಎಂದು ಓದಿ ಹೇಳಿದ. ಹಳೆಯ ಮೂರು ಹಡಗುಗಳ ಬಗ್ಗೆ ಯಾರೋ ಕೇಳಿದರು. ಅವುಗಳ ತಳಕ್ಕೆ ತುಕ್ಕು ಹಿಡಿದಿದೆ, ಕಡಲಿಗೆ ಇಳಿಸಿದರೆ ನೀರು ಕುಡಿಯುತ್ತವೆ ಎಂದು ಮೇಸ್ತ್ರಿ ಹೇಳಿದ. ಈ ಮೇಸ್ತ್ರಿ ಕೈ ಇಟ್ಟ ಕೆಲಸ ಕೆಡುತ್ತಿರಲಿಲ್ಲ. ಹಡಗಿನ ಪಕ್ಕೆಗೆ ಕಿವಿಯಿಟ್ಟು ಬಡಿದು ನೋಡಿ ಯಾವ ಮೊಳೆ ಸಡಿಲ ಎಂದು ಹೇಳುವಂಥವನು.

ಕೆಲಸ ಶುರುವಾಯಿತು. ಬೆಳಿಗ್ಗೆ ಡೋಲು ಬಡಿಯುತ್ತಿತ್ತು. ಮಾಸ್ತಮ್ಮನ ಗಂಜಿ ಕುಡಿದು ಎಲ್ಲರೂ ಅಟ್ಟಣೆ ಏರುತ್ತಿದ್ದರು. ಕಮ್ಮಾರ ಕುಲುಮೆಯಲ್ಲಿ ಮೊಳೆಗಳನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಮೇಲಕ್ಕೆ ಎಸೆಯುತ್ತಿದ್ದ. ಮೇಲಿದ್ದವರು ಅದನ್ನು ತಗಡಿನ ಡಬ್ಬಿಯಲ್ಲಿ ಹಿಡಿದು ತೂತಿಗೆ ಇಡುತ್ತಿದ್ದರು. ಒಬ್ಬರು ಒಳಗಿನಿಂದ ಒತ್ತಿ ಹಿಡಿದರೆ ಇನ್ನೊಬ್ಬರು ಹೊರಗಿನಿಂದ ಹೊಡೆಯುತ್ತಿದ್ದರು. ಹೊಡೆಯುವಾಗ ಪ್ರತಿಯೊಬ್ಬರೂ ಗಟ್ಟಿಯಾಗಿ ಹೇಳುತ್ತಿದ್ದರು: ಇದು ಕಡೆಯದಲ್ಲ. ಬೆಳಗಿನಿಂದ ಸಂಜೆಯವರೆಗೆ ದಂಡೆಯ ಮೇಲೆ ಅದೇ ಸದ್ದು. ಇದು ಕಡೆಯದಲ್ಲ, ಇದು ಕಡೆಯದಲ್ಲ. ತೊಟ್ಟಿಲು ತೂಗುವ ತಾಯಂದಿರೂ ಅದೇ ಲಯಕ್ಕೆ ತೂಗಿದರು. ಮಾತು ಕಲಿಯುವ ಮಕ್ಕಳು ಅಮ್ಮ ಎನ್ನುವ ಮೊದಲೇ ಅದನ್ನು ಕಲಿತರು.

ಹತ್ತು ದಿನಕ್ಕೆ ತಳ ಬಂತು. ಇಪ್ಪತ್ತು ದಿನಕ್ಕೆ ಪಕ್ಕೆಗಳು ಎದ್ದವು. ಮೂವತ್ತು ದಿನಕ್ಕೆ ಬಾಯ್ಲರ್ ಕೂರಿಸಿದರು, ಹೊಗೆಕೊಳವೆ ನಿಲ್ಲಿಸಿದರು. ಹಡಗು ಚೆಂದವಾಗಿರಲಿಲ್ಲ. ಮೊರ ಮಗುಚಿ ಹಾಕಿದ ಹಾಗಿತ್ತು. ಆದರೆ ಗಟ್ಟಿಯಾಗಿತ್ತು. ಅಟ್ಟಣೆಯ ಮೇಲೆ ನಿಂತವರೆಲ್ಲ ಒಳಗೊಳಗೇ ಯಾರು ಹೋಗುತ್ತಾರೋ ಎಂದು ಯೋಚಿಸುತ್ತಿದ್ದರು. ಯಾರೂ ಸಡಿಲ ಮೊಳೆ ಹೊಡೆಯಲಿಲ್ಲ.

ನಲವತ್ತನೆಯ ದಿನ ಮೂತಿಯ ಹತ್ತಿರ ಒಂದೇ ಒಂದು ತೂತು ಉಳಿಯಿತು.

ಅಂದು ಡೋಲು ಬಡಿಯಲಿಲ್ಲ. ಡೋಲಿನವನಿಗೆ ನೆಂಟರ ಮನೆಯಲ್ಲಿ ಮದುವೆ ಇತ್ತು. ಕಮ್ಮಾರ ಕುಲುಮೆ ಹೊತ್ತಿಸಿದ ಮೇಲೆ ಹೆಬ್ಬೆಟ್ಟು ಸುಟ್ಟಿತೆಂದು ಮನೆಗೆ ಹೋದ. ಮೇಸ್ತ್ರಿಗೆ ಹಲ್ಲುನೋವು. ಅಧಿಕಾರಿ ದೂರದಲ್ಲೇ ನಿಂತು ಆಜ್ಞೆ ಓದಿ, ತುರ್ತಾಗಿ ಒಂದು ಪತ್ರ ಬರೆಯಬೇಕೆಂದು ಬಾಗಿಲು ಹಾಕಿಕೊಂಡ. ಮುನ್ನೂರು ಜನ ಮುನ್ನೂರು ದಾರಿ ಹಿಡಿದರು.

ಮಾಸ್ತಮ್ಮ ಎಂದಿನಂತೆ ಹಂಡೆ ಇಳಿಸಿ ಸೌಟು ಹಿಡಿದು ನಿಂತಳು. ಯಾರೂ ಬರಲಿಲ್ಲ. ಗಂಜಿಯ ಮೇಲೆ ಕೆನೆ ಕಟ್ಟಿತು. ಮೊದಲು ಅವಳಿಗೆ ಸಿಟ್ಟು ಬಂತು. ಬೇಯಿಸಿದ್ದು ತಣ್ಣಗಾಗುವುದನ್ನು ನೋಡಿಕೊಂಡು ಇರುವುದು ಅವಳಿಂದ ಆಗದ ಕೆಲಸ. ಆಮೇಲೆ ಅವಳು ಕಡಲಿನ ಆಚೆ ನೋಡಿದಳು. ದ್ವೀಪದಲ್ಲಿ ಅಂದು ಏಳೇ ಒಲೆಗಳ ಹೊಗೆ ಇತ್ತು. ಅವಳು ನೋಡುತ್ತಿರುವಾಗಲೇ ಅದರಲ್ಲಿ ಒಂದು ಆರಿತು.

ಇಲ್ಲಿ ತಿನ್ನುವವರಿಲ್ಲದೆ ಹಂಡೆ ತುಂಬ ಗಂಜಿ, ಅಲ್ಲಿ ಬೇಯಿಸಲು ಏನೂ ಇಲ್ಲದೆ ಒಲೆ ತುಂಬ ಬೂದಿ. ಮಾಸ್ತಮ್ಮ ಸ್ವಲ್ಪ ಹೊತ್ತು ಕುಳಿತಳು. ಬಳಿಕ ಸೌಟು ಕೆಳಗಿಟ್ಟು ಸುತ್ತಿಗೆ ಎತ್ತಿಕೊಂಡಳು.

ನಲವತ್ತು ದಿನ ನೋಡಿದ ಕೆಲಸ ಅದು. ಮೊಳೆ ಕಾಯಿಸಿದಳು, ಇಕ್ಕಳದಲ್ಲಿ ಹಿಡಿದು ಅಟ್ಟಣೆ ಏರಿದಳು, ತೂತಿಗೆ ಇಟ್ಟಳು. ಒಳಗಿನಿಂದ ಒತ್ತಿ ಹಿಡಿಯುವವರು ಇರಲಿಲ್ಲ. ಯಾರಾದರೂ ಇದ್ದೀರಾ ಎಂದು ಕೂಗಿದಳು. ಒಳಗಿನಿಂದ ಒಂದು ದನಿ ಬಂತು, ಹೊಡೆ ಅಕ್ಕ, ಹಿಡಿದಿದ್ದೇನೆ ಎಂದಿತು. ಅವಳು ಹೊಡೆದಳು. ಗಂಡಸರಿಗೆ ಹತ್ತು ಪೆಟ್ಟಿನ ಕೆಲಸ, ಅವಳಿಗೆ ಮೂವತ್ತು ಪೆಟ್ಟು ಬೇಕಾಯಿತು. ಊರಿನವರು ಕಿಟಕಿಗಳ ಹಿಂದೆ ನಿಂತು ಪೆಟ್ಟು ಕೇಳಿದರು. ಪೆಟ್ಟಿನ ಜೊತೆ ಬರುವ ಮಾತಿಗಾಗಿ ಕಾದರು. ಮಾತು ಬರಲಿಲ್ಲ. ಆಗ ಎಲ್ಲರಿಗೂ ಗೊತ್ತಾಯಿತು.

ಹಡಗಿನ ಒಳಗಿದ್ದವನು ದುರ್ಗಯ್ಯ. ಹಿಂದೆ ಅವನು ತಾಂಡೇಲನಾಗಿದ್ದ, ಹಡಗು ನಡೆಸುವವನು. ಹತ್ತು ವರ್ಷದ ಹಿಂದೆ ಹಬ್ಬದ ದಿನ, ವಾಲಗ ಊದುತ್ತಿರುವಾಗ, ಇಡೀ ಊರಿನ ಕಣ್ಣೆದುರು ಹಡಗನ್ನು ಮರಳದಿಬ್ಬಕ್ಕೆ ಹತ್ತಿಸಿಬಿಟ್ಟಿದ್ದ. ಅಂದಿನಿಂದ ಕಡಲಿಗೆ ಬೆನ್ನು ಹಾಕಿ ಕುಳಿತು ಬಲೆ ಹೆಣೆಯುತ್ತಿದ್ದ. ಯಾರೂ ಮಾತನಾಡಿಸದ ಜಾಗವೆಂದು ಆ ದಿನ ಹಡಗಿನ ಹೊಟ್ಟೆಯೊಳಗೆ ಮಲಗಿದ್ದ.

ಹೊರಗೆ ಬಂದು ಅವನು ಮಾಸ್ತಮ್ಮನ ಮುಂದೆ ನಿಂತ. ತಾನೂ ಬರುತ್ತೇನೆ ಎಂದ.

"ನಿನಗೆ ದಾರಿ ನೆನಪಿದೆಯಾ?" ಎಂದು ಅವಳು ಕೇಳಿದಳು.

"ಮರಳದಿಬ್ಬ ಎಲ್ಲಿದೆ ಅಂತ ನನ್ನಷ್ಟು ಚೆನ್ನಾಗಿ ತಿಳಿದವರು ಈ ಊರಲ್ಲಿ ಯಾರೂ ಇಲ್ಲ, ಅಕ್ಕ."

ಮಾಸ್ತಮ್ಮನಿಗೆ ನಗು ಬಂತು. ದುರ್ಗಯ್ಯನೂ ನಕ್ಕ. ಹತ್ತು ವರ್ಷದಿಂದ ಅವನು ನಕ್ಕಿರಲಿಲ್ಲ, ಹಾಗಾಗಿ ಮೊದಲು ಕೆಮ್ಮು ಬಂತು. ಆಮೇಲೆ ಇಬ್ಬರೂ ಕೂತು ಗಂಜಿ ಕುಡಿದರು.

ಸಂಜೆಯ ಹೊತ್ತಿಗೆ ಕಲ್ಲಿದ್ದಲು ಹಾಕಲು ಅಣ್ಣತಮ್ಮಂದಿರಿಬ್ಬರು ಬಂದರು. ಹಗ್ಗ ಹೊಸೆಯುವ ಹೆಂಗಸೊಬ್ಬಳು ತನ್ನ ಹಗ್ಗಗಳನ್ನು ತಾನೇ ನೋಡಿಕೊಳ್ಳಬೇಕೆಂದು ಬಂದಳು. ಮಿಕ್ಕವರು ಬರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ದಂಡೆ ತುಂಬಿ ಹೋಗಿತ್ತು. ಸರಕಾರದ ಅಕ್ಕಿಮೂಟೆಗಳ ಪಕ್ಕದಲ್ಲಿ ಉಪ್ಪು, ಬೆಲ್ಲ, ಒಣಮೀನು, ಮೆಣಸಿನಕಾಯಿ, ಕೊಬ್ಬರಿ, ಉಪ್ಪಿನಕಾಯಿಯ ಭರಣಿ, ಹಾಸಿಗೆ ಹೊದಿಕೆ. ಯಾರೂ ಕೇಳಿರಲಿಲ್ಲ. ನಾಚಿಕೆಯಾದವರು ಕೊಡುವುದು ಯಾವಾಗಲೂ ಸ್ವಲ್ಪ ಹೆಚ್ಚೇ ಇರುತ್ತದೆ. ಮೇಸ್ತ್ರಿ ಮಾತ್ರ ದಂಡೆಗೆ ಬರಲಿಲ್ಲ. ಒಂದು ಹೊಸ ಸುತ್ತಿಗೆ ಕಳಿಸಿಕೊಟ್ಟ. ಮಾಸ್ತಮ್ಮ ಅದನ್ನು ತೆಗೆದುಕೊಂಡು, ಹಲ್ಲಿಗೆ ಲವಂಗ ಇಟ್ಟುಕೊಳ್ಳಲಿ ಎಂದು ಹೇಳಿ ಕಳಿಸಿದಳು.

ಹಡಗು ಹೊರಟಿತು. ದಂಡೆ ಬಿಟ್ಟ ಕೂಡಲೇ ಮಾಸ್ತಮ್ಮ ಕಂಬಿ ಹಿಡಿದು ವಾಂತಿ ಮಾಡಿದಳು. ಬಾಯಿ ತೊಳೆದುಕೊಂಡು ಹೋಗಿ ಒಲೆ ಹಚ್ಚಿದಳು. ಮತ್ತೆ ವಾಂತಿ ಮಾಡಿದಳು, ಮತ್ತೆ ಬಂದು ಅಕ್ಕಿ ತೊಳೆದಳು. ಒಡೆಯಳಾದವಳು ಅಡುಗೆ ಮಾಡಬೇಕಿಲ್ಲ ಎಂದು ಹಗ್ಗದವಳು ಹೇಳಿದಳು. ಒಲೆಯ ಮುಂದೆ ಕುಳಿತರೆ ಮಾತ್ರ ತನಗೆ ನೆಲ ಅಲ್ಲಾಡಿದ ಹಾಗೆ ಆಗುವುದಿಲ್ಲ ಎಂದು ಮಾಸ್ತಮ್ಮ ಹೇಳಿದಳು.

ಹೊತ್ತು ನೆತ್ತಿಗೆ ಬಂದಾಗ ಶತ್ರುವಿನ ಹಡಗು ಎದುರಾಯಿತು. ಬೂದು ಬಣ್ಣದ್ದು, ಮುಂದುಗಡೆ ತೋಪು ಇತ್ತು. ತೋಪಿನ ಬಾಯಿ ಇವರ ಕಡೆ ತಿರುಗಿತು. ದುರ್ಗಯ್ಯ ಹಡಗು ನಿಲ್ಲಿಸಿದ. ಅಣ್ಣತಮ್ಮಂದಿರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಒಂದು ಸಣ್ಣ ದೋಣಿಯಲ್ಲಿ ನಾಯಕನೂ ನಾಲ್ಕು ಸಿಪಾಯಿಗಳೂ ಬಂದು ಹಡಗು ಹತ್ತಿದರು.

ನಾಯಕ ಸಣಕಲು ಮನುಷ್ಯ. ಅಂಗಿ ಮಾತ್ರ ಅಚ್ಚುಕಟ್ಟಾಗಿತ್ತು. ಕೊರಳಲ್ಲಿ ಅಳತೆ ಪಟ್ಟಿ ನೇತಾಡುತ್ತಿತ್ತು. ಒಡೆಯರು ಯಾರು ಎಂದು ಕೇಳಿದ. ಮಾಸ್ತಮ್ಮ ಸೌಟು ಹಿಡಿದು ಮುಂದೆ ಬಂದಳು. ಹಡಗಿನಲ್ಲಿ ಏನಿದೆ ಎಂದು ಕೇಳಿದ. ಅಕ್ಕಿ ಇದೆ, ದ್ವೀಪದವರಿಗೆ ಹಸಿವಾಗಿದೆ, ಕೊಡಲು ಹೊರಟಿದ್ದೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುಳ್ಳು ಹೇಳಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ನಾಯಕ ಅವಳ ಸೌಟನ್ನೇ ನೋಡಿದ. "ನೀವು ಹೇಗೆ ಒಡೆಯರಾದಿರಿ, ಅಮ್ಮ?"

"ಕಡೆಯ ಮೊಳೆ ನಾನು ಹೊಡೆದೆ."

ಅವನು ಅಲ್ಲೇ ಒಂದು ಮೂಟೆಯ ಮೇಲೆ ಕುಳಿತುಬಿಟ್ಟ. ತಮ್ಮ ಊರಲ್ಲೂ ಅದೇ ಕಟ್ಟಳೆ ಎಂದ. ಅವನು ದರ್ಜಿ. ಒಂದು ದಿನ ಹಡಗು ಕಟ್ಟುವವರ ಅಂಗಿಗೆ ಗುಂಡಿ ಹಾಕಲು ಹೋಗಿದ್ದನಂತೆ. ಒಬ್ಬ ಇವನ ಕೈಗೆ ಸುತ್ತಿಗೆ ಕೊಟ್ಟು, ಈ ಮೊಳೆಗೊಂದು ಪೆಟ್ಟು ಹಾಕಿರು, ನೀರು ಕುಡಿದು ಬರುತ್ತೇನೆ ಎಂದು ಹೋದನಂತೆ. "ಮೂರು ವರ್ಷವಾಯಿತು. ಅವನಿನ್ನೂ ನೀರು ಕುಡಿಯುತ್ತಿದ್ದಾನೆ" ಎಂದ ದರ್ಜಿ. ನಗಿಸಲು ಹೇಳಿದ ಮಾತಾಗಿರಲಿಲ್ಲ, ಆದರೆ ಅವನ ಸಿಪಾಯಿಗಳಲ್ಲೇ ಒಬ್ಬ ನಕ್ಕ.

ಅಡುಗೆ ಆಗಿತ್ತು. ಮಾಸ್ತಮ್ಮ ಬಡಿಸಿದಳು. ತನ್ನವರಿಗೂ ಅವರಿಗೂ ಒಂದೇ ಸೌಟಿನಲ್ಲಿ ಬಡಿಸಿದಳು. ಸಿಪಾಯಿಗಳು ಬಂದೂಕುಗಳನ್ನು ಅಡುಗೆ ಕಟ್ಟಿಗೆಯ ಪಕ್ಕ ಒರಗಿಸಿಟ್ಟು ಉಂಡರು. ಉಪ್ಪಿನಕಾಯಿ ನೆಕ್ಕಿದಾಗ ಒಬ್ಬನ ಕಣ್ಣಲ್ಲಿ ನೀರು ಬಂತು, ಖಾರ ಎಂದ.

ಉಂಡ ಮೇಲೆ ದರ್ಜಿ ಜೇಬಿನಿಂದ ಆಜ್ಞೆಯ ಕಾಗದ ತೆಗೆದ. ಇಂತಿಷ್ಟು ಉದ್ದದ ಮೇಲಿನ ಯಾವ ಹಡಗನ್ನೂ ದ್ವೀಪಕ್ಕೆ ಬಿಡಕೂಡದು, ಮುಳುಗಿಸಬೇಕು ಎಂದು ಅದರಲ್ಲಿ ಬರೆದಿತ್ತು. ಮೀರಿದರೆ ತನಗೂ ಸಿಪಾಯಿಗಳಿಗೂ ಗುಂಡೇಟೇ ಗತಿ ಎಂದು ಅವನು ಮೆಲ್ಲಗೆ ಹೇಳಿದ. ಕೊರಳಿನ ಪಟ್ಟಿ ತೆಗೆದು ಒಂದು ತುದಿಯನ್ನು ಸಿಪಾಯಿಯ ಕೈಗೆ ಕೊಟ್ಟ. ಮೂತಿಯಿಂದ ಬಾಲದವರೆಗೆ ಹಡಗನ್ನು ಅಳೆದರು. ಪಟ್ಟಿ ಚಿಕ್ಕದು, ಹಡಗು ದೊಡ್ಡದು. ಅಳೆಯುವುದು, ಗುರುತು ಹಾಕುವುದು, ಮುಂದೆ ಹೋಗುವುದು. ಎಲ್ಲರೂ ಅವರ ಹಿಂದೆ ಹಿಂದೆ ನಡೆದರು. ಬರಿಗಣ್ಣಿಗೇ ಕಾಣುತ್ತಿತ್ತು, ಹಡಗು ಆಜ್ಞೆಯ ಅಳತೆಗಿಂತ ಎಷ್ಟೋ ಉದ್ದವಿತ್ತು.

ಕೊನೆಯ ಗುರುತಿನಲ್ಲಿ ದರ್ಜಿ ತಲೆ ಎತ್ತದೆ, ಎಷ್ಟು ಬಂತು ಎಂದು ಕೇಳಿದ. ಪಟ್ಟಿಯ ತುದಿ ಹಿಡಿದಿದ್ದ ಸಿಪಾಯಿ ಪಟ್ಟಿಯನ್ನು ನೋಡಿದ. ತೋಪಿನ ಕಡೆ ನೋಡಿದ. ತನ್ನ ಕೈಯನ್ನು ಮೂಸಿದ, ಅದರಲ್ಲಿ ಇನ್ನೂ ಉಪ್ಪಿನಕಾಯಿಯ ವಾಸನೆ ಇತ್ತು.

"ಒಂದು ಗೇಣು ಕಡಿಮೆ" ಎಂದ.

"ಸರಿಯಾಗಿ ನೋಡು."

"ನೋಡಿದೆ. ಒಂದು ಗೇಣು ಕಡಿಮೆಯೇ."

ಮಿಕ್ಕ ಮೂವರೂ ತಲೆಯಾಡಿಸಿದರು. ದರ್ಜಿ ಅಚ್ಚುಕಟ್ಟಾಗಿ ಪುಸ್ತಕದಲ್ಲಿ ಬರೆದುಕೊಂಡ. ಇಳಿಯುವಾಗ ಮಾಸ್ತಮ್ಮನ ಸೆರಗು ಸುಟ್ಟು ತೂತಾದದ್ದು ಕಂಡು, ಮುಂದಿನ ಸಲ ಬಂದಾಗ ಕೊಡಿ, ತೇಪೆ ಹಾಕಿ ಕೊಡುತ್ತೇನೆ ಎಂದು ಹೇಳಿ ಹೋದ.

ದ್ವೀಪದವರು ಎದೆಮಟ್ಟದ ನೀರಿಗೆ ಇಳಿದು ಬಂದು ಮೂಟೆಗಳನ್ನು ಹೊತ್ತರು. ಯಾರೂ ಹೆಚ್ಚು ಮಾತನಾಡಲಿಲ್ಲ, ಮಾತಿಗೆ ಶಕ್ತಿ ಬೇಕು. ಕಟ್ಟಳೆಯಂತೆ ಮಾಸ್ತಮ್ಮ ಕೆಳಗಿಳಿಯುವಂತಿರಲಿಲ್ಲ. ಮೇಲಿನಿಂದಲೇ, ಮೊದಲ ದಿನ ತೆಳ್ಳಗೆ ಗಂಜಿ ಕುಡಿಯಿರಿ, ಒಮ್ಮೆಲೇ ಅನ್ನ ಉಣ್ಣಬೇಡಿ ಎಂದು ಕೂಗಿ ಹೇಳಿದಳು. ಒಬ್ಬ ಮುದುಕಿ ತಲೆ ಎತ್ತಿ ಅವಳನ್ನು ನೋಡಿ, ನೀನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಒಲೆ ಹಚ್ಚುವವಳಲ್ಲವೇ ಎಂದು ಕೇಳಿದಳು. ಆ ಕಡೆಯಿಂದಲೂ ಯಾರೋ ತನ್ನ ಹೊಗೆಯನ್ನು ನೋಡುತ್ತಿದ್ದಾರೆಂದು ಮಾಸ್ತಮ್ಮ ಎಣಿಸಿರಲಿಲ್ಲ.

ಹೀಗೆ ಹಡಗು ಹೋಗಿ ಬರತೊಡಗಿತು. ತುಂಬಿಕೊಂಡು ಹೋಗುವುದು, ಬರಿದಾಗಿ ಬರುವುದು. ಎರಡು ವರ್ಷ. ಪ್ರತಿ ಸಲವೂ ದರ್ಜಿ ಬಂದು ಅಳೆಯುತ್ತಿದ್ದ, ಪ್ರತಿ ಸಲವೂ ಒಂದು ಗೇಣು ಕಡಿಮೆ ಬರುತ್ತಿತ್ತು. ಎಲ್ಲ ಸಲವೂ ಸಲೀಸಾಗಿರಲಿಲ್ಲ. ಒಮ್ಮೆ ಬೇರೆ ಯಾವುದೋ ಹಡಗಿನ ಗುಂಡು ಬಡಿದು ಪಕ್ಕೆ ಒಡೆಯಿತು. ಮಾಸ್ತಮ್ಮ ಹಂಡೆಯ ಮುಚ್ಚಳವನ್ನು ಅಲ್ಲಿಗೆ ಒತ್ತಿ ಹಿಡಿದು, ಅಣ್ಣತಮ್ಮಂದಿರು ಮೊಳೆ ಹೊಡೆದು, ನೀರು ನಿಲ್ಲಿಸಿದರು. ಆಮೇಲೆ ತಿಂಗಳುಗಟ್ಟಲೆ ಮುಚ್ಚಳವಿಲ್ಲದೆ ಬೇಯಿಸಬೇಕಾಯಿತು, ಅನ್ನ ಹೊಗೆ ವಾಸನೆ ಬರುತ್ತದೆಂದು ಎಲ್ಲರೂ ಗೊಣಗಿದರು. ಮಾಸ್ತಮ್ಮನ ವಾಂತಿ ನಿಲ್ಲಲಿಲ್ಲ. ಮೊದಲು ಹತ್ತು ಸಲ ಆಗುತ್ತಿದ್ದದ್ದು ಮೂರು ಸಲಕ್ಕೆ ಇಳಿಯಿತು, ಅಷ್ಟೇ.

ಊರಿನ ದಂಡೆಗೆ ಬಂದಾಗ ಜನ ಹಡಗು ಹತ್ತುವ ಹಲಗೆಯ ಬುಡಕ್ಕೆ ಬಂದು ಕ್ಷೇಮ ಕೇಳುತ್ತಿದ್ದರು. ನೀರಿಗೆ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಯುದ್ಧ ಶುರುವಾದಾಗಿನಿಂದ ಮೀನು ಹಿಡಿಯುವವರೂ ದಂಡೆಯಲ್ಲೇ ನಿಂತು ಬಲೆ ಬೀಸುತ್ತಿದ್ದರು. ಮೇಸ್ತ್ರಿ ಹಲಗೆಯವರೆಗೂ ಬರುತ್ತಿರಲಿಲ್ಲ. ದೂರದ ತೆಂಗಿನ ಮರಕ್ಕೆ ಒರಗಿ ನಿಂತು, ಹಡಗಿನ ಪಕ್ಕೆಯನ್ನು ನೋಡಿ ಹೋಗುತ್ತಿದ್ದ. ಮಾಸ್ತಮ್ಮ ಅವನನ್ನು ನೋಡಿದರೂ ನೋಡದಂತೆ ಇರುತ್ತಿದ್ದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮಾತು ಹೇಗೆ ಶುರುಮಾಡುವುದೆಂದು ಅವಳಿಗೂ ತಿಳಿಯುತ್ತಿರಲಿಲ್ಲ.

ಒಂದು ದಿನ ಕಡಲಿನ ನಡುವೆ ಬೂದು ಹಡಗು ಕಂಡಾಗ ಅದರ ತೋಪಿನ ಮೇಲೆ ಒಗೆದ ಅಂಗಿಗಳನ್ನು ಒಣಹಾಕಿದ್ದರು. ದರ್ಜಿ ದೂರದಿಂದಲೇ ಕೈ ಬೀಸಿದ. ಯುದ್ಧ ಮುಗಿಯಿತಂತೆ, ಯಾರು ಗೆದ್ದರೆಂದು ಪತ್ರದಲ್ಲಿ ಬರೆದಿಲ್ಲ, ತಾನು ಮನೆಗೆ ಹೋಗುತ್ತಿದ್ದೇನೆ ಎಂದು ಕೂಗಿ ಹೇಳಿದ. ಹಿಂದಿನ ಸಲ ಮಾಸ್ತಮ್ಮ ಕೊಟ್ಟಿದ್ದ ಸೀರೆಯನ್ನು ತೇಪೆ ಹಾಕಿ ದೋಣಿಯಲ್ಲಿ ಕಳಿಸಿದ. ತೇಪೆ ಎಲ್ಲಿದೆ ಎಂದು ಹುಡುಕಿದರೂ ಸಿಗದ ಹಾಗೆ ಹೊಲಿದಿದ್ದ.

ಅಂದು ಅವರು ದ್ವೀಪ ಮುಟ್ಟಿದಾಗ ಅಲ್ಲಿಯವರು ದಂಡೆಯಲ್ಲಿ ಕಾಯುತ್ತಿದ್ದರು. ಎರಡು ವರ್ಷ ಬರಿದಾಗಿ ಹೋದ ಹಡಗನ್ನು ಇಂದು ಬರಿದಾಗಿ ಕಳಿಸುವುದಿಲ್ಲ ಎಂದು ಹಟ ಹಿಡಿದರು. ಯುದ್ಧದ ಬಿಸಿ ಇಳಿದು, ಮೂರು ತಿಂಗಳ ಹಿಂದೆಯೇ ದಂಡೆಯ ಬೇಲಿ, ಮುಳ್ಳುತಂತಿ ತೆಗೆದ ಮೇಲೆ ಅವರು ಮೊದಲು ಮಾಡಿದ ಕೆಲಸ ಮರಳಿನ ಗದ್ದೆಯಲ್ಲಿ ಕಲ್ಲಂಗಡಿ ಬಿತ್ತಿದ್ದು. ಬೆಳೆ ವಿಪರೀತ ಬಂದಿತ್ತು. ಕೈಯಿಂದ ಕೈಗೆ ಹಣ್ಣು ದಾಟಿಸಿ ಹಡಗಿನ ಹೊಟ್ಟೆ ತುಂಬಿದರು. ಹೊಟ್ಟೆ ತುಂಬಿದ ಮೇಲೆ ಮೇಲ್ಗಡೆ ರಾಶಿ ಹಾಕಿದರು. ಸಾಕು ಎಂದು ಮಾಸ್ತಮ್ಮ ಹೇಳಿದಳು, ಇನ್ನೊಂದಿರಲಿ ಎಂದು ಅವರು ಹೇಳಿದರು. ದುರ್ಗಯ್ಯ ಮಲಗುತ್ತಿದ್ದ ಜಾಗದಲ್ಲೂ ಹಣ್ಣು. ನೀರು ಹಡಗಿನ ಅಂಚಿಗೆ ಒಂದು ಮೊಳದಷ್ಟು ಹತ್ತಿರ ಬಂತು.

ಹಡಗು ಬಸುರಿಯಂತೆ ಮೆಲ್ಲಗೆ ಊರಿನ ಕಡೆ ಬಂತು. ಊರಿನವರು ದಂಡೆಯಿಂದ ನೋಡಿದರು. ಎರಡು ವರ್ಷ ಹಗುರಾಗಿ ತೇಲಿ ಬರುತ್ತಿದ್ದ ಹಡಗು ಇಂದು ಅಂಚಿನವರೆಗೆ ನೀರಿನಲ್ಲಿತ್ತು. ಹೊಗೆಕೊಳವೆ ಒಂದು ಕಡೆಗೆ ವಾಲಿತ್ತು. ಯಾರೋ, ಮುಳುಗುತ್ತಿದೆ ಎಂದರು.

ಅಷ್ಟೇ. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ದೋಣಿ ಇದ್ದವರು ದೋಣಿ ನೂಕಿದರು. ದೋಣಿ ಇಲ್ಲದವರು ಬಾಗಿಲು ಕಿತ್ತು ನೀರಿಗೆ ಹಾಕಿದರು. ಕಮ್ಮಾರ ಕುಲುಮೆಯ ತಿದಿಯ ಚರ್ಮಕ್ಕೆ ಗಾಳಿ ತುಂಬಿಕೊಂಡು ಹೊರಟ. ಡೋಲಿನವನು ಡೋಲನ್ನೇ ತಬ್ಬಿ ತೇಲಿದ. ಬಂದರಿನ ಅಧಿಕಾರಿ ಟೋಪಿ ಬಿಟ್ಟು ಈಜಿದ. ದಂಡೆಯ ಮೇಲೆ ನಾಯಿಗಳು ಮಾತ್ರ ಉಳಿದವು, ಆಮೇಲೆ ಅವೂ ನೀರಿಗೆ ಇಳಿದವು.

ಎಲ್ಲರಿಗಿಂತ ಮುಂದೆ ಒಂದು ಸಣ್ಣ ದೋಣಿ ಇತ್ತು. ಅದರಲ್ಲಿ ಮೇಸ್ತ್ರಿ ಇದ್ದ. ಅವನಿಗೆ ಈಜು ಬರುತ್ತಿರಲಿಲ್ಲ, ಹುಟ್ಟು ಹಾಕಿಯೂ ಗೊತ್ತಿರಲಿಲ್ಲ. ಅಂಗೈ ಕಿತ್ತು ರಕ್ತ ಬರುತ್ತಿತ್ತು. ಹಡಗಿನ ಪಕ್ಕಕ್ಕೆ ಬಂದು ಬಡಿದು, ಎದ್ದು ನಿಂತು, ಎರಡೂ ಕೈ ಮೇಲೆ ಚಾಚಿದ.

"ಮಾಸ್ತಕ್ಕ, ಹಾರಿಬಿಡು. ನಾನು ಹಿಡಿಯುತ್ತೇನೆ."

ಮಾಸ್ತಮ್ಮ ಕಂಬಿಯ ಮೇಲೆ ಬಗ್ಗಿ ಅವನನ್ನು ನೋಡಿದಳು. ಅವನು ಹಡಗಿನ ಪಕ್ಕೆಗೆ ಕಿವಿ ಕೊಡುವುದನ್ನೂ ಮರೆತಿದ್ದ. ಕೊಟ್ಟಿದ್ದರೆ ಒಂದು ಮೊಳೆಯೂ ಸಡಿಲಾಗಿಲ್ಲವೆಂದು ಅವನಿಗೇ ತಿಳಿಯುತ್ತಿತ್ತು. ಅವಳು ಕೈಗೆ ಸಿಕ್ಕ ಒಂದು ಕಲ್ಲಂಗಡಿ ಎತ್ತಿ ಅವನ ಕೈಗೆ ಹಾಕಿದಳು.

ಮೇಸ್ತ್ರಿ ಹಿಡಿದ. ಹಿಡಿದ ಭಾರಕ್ಕೆ ದೋಣಿಯಲ್ಲೇ ಕುಸಿದು ಕುಳಿತ. ಮೊದಲು ಹಣ್ಣನ್ನು ನೋಡಿದ, ಆಮೇಲೆ ಹಡಗಿನ ಮೇಲಿನ ಹಸಿರು ರಾಶಿಯನ್ನು ನೋಡಿದ. ಅವನ ಮುಖ ಅಳುವುದಕ್ಕೆ ಹೊರಟು ನಗುವಿನಲ್ಲಿ ನಿಂತಿತು. ಹಿಂದಿನಿಂದ ಬಂದವರಿಗೂ ವಿಷಯ ತಿಳಿಯುತ್ತಾ ಹೋಯಿತು. ನಗು ಒಂದು ದೋಣಿಯಿಂದ ಇನ್ನೊಂದಕ್ಕೆ, ಒಂದು ಬಾಗಿಲಿನಿಂದ ಇನ್ನೊಂದಕ್ಕೆ ದಾಟಿ ದಂಡೆಯವರೆಗೂ ಹೋಯಿತು.

ಮೇಲಿನಿಂದ ದುರ್ಗಯ್ಯ ಕೂಗಿದ.

"ದಾರಿಯೇ ಇಲ್ಲ, ಅಕ್ಕ. ಯಾವ ಕಡೆ ತಿರುಗಿಸಿದರೂ ನಮ್ಮವರೇ ಇದ್ದಾರೆ."

"ಹಾಗಾದರೆ ನಿಲ್ಲಿಸು" ಎಂದಳು ಮಾಸ್ತಮ್ಮ. ಹಗ್ಗದವಳ ಹತ್ತಿರ ಕತ್ತಿ ಕೇಳಿ ಇಸಿದುಕೊಂಡು, ಕಾಲು ಚಾಚಿ ಕುಳಿತು, ಹಣ್ಣು ಹೋಳು ಮಾಡತೊಡಗಿದಳು.